ಬಿಸಿಲೂರಲ್ಲಿ ಮಾಡಿದ ಫಝ್ ಪೆಡಲ್

ವಿಜಯಪುರದಲ್ಲಿ ಕೂತು ಫಝ್ ಪೆಡಲ್ (ಗಿಟಾರಿನ ದನಿ ಬದಲಿಸಲು ಕಾಲಲ್ಲಿ ಒತ್ತುವ ಪುಟ್ಟ ಡಬ್ಬಿ) ಮಾಡುವವರು ಮೊದಲು ಬಿಸಿಲಿನ ಬಗ್ಗೆ ಯೋಚಿಸಬೇಕು. ಯಾವ ಗಿಟಾರ್, ಯಾವ ಆ್ಯಂಪ್ ಅನ್ನೋದು ಆಮೇಲೆ. ಇದು ನನಗೆ ಗೊತ್ತಾಗಲು ಒಂದು ಚಳಿಗಾಲ ಮತ್ತು ಒಂದು ಬೇಸಿಗೆ ಬೇಕಾಯಿತು.

ಫಝ್ ಅಂದರೆ ಏನು ಅಂತ ಕೇಳುವವರಿಗೆ ಒಂದು ಮಾತು. ಗಿಟಾರಿನ ಸಿಗ್ನಲ್ಲನ್ನು ಟ್ರಾನ್ಸಿಸ್ಟರ್ ತಾಳಲಾರದಷ್ಟು ದೊಡ್ಡದು ಮಾಡಿದರೆ ಅಲೆಯ ಮೇಲಿನ ತುದಿ, ಕೆಳಗಿನ ತುದಿ ಎರಡೂ ಕತ್ತರಿಸಿ ಹೋಗುತ್ತವೆ. ಆಗ ದನಿ ದಪ್ಪಗೆ, ಒರಟಾಗಿ, ಜೇನುಹುಳದ ಗುಂಪು ಗುಂಯ್‌ಗುಟ್ಟಿದಂತೆ ಬರುತ್ತದೆ. ನನಗೆ ಆ ದನಿ ಎಂದರೆ ಪ್ರಾಣ.

ಮೂರು ಸರ್ಕ್ಯೂಟ್‌ಗಳನ್ನು ಮುಂದಿಟ್ಟುಕೊಂಡು ಕೂತೆ. ಎಲ್ಲಕ್ಕಿಂತ ಸಣ್ಣದು ಬ್ಯಾಝ್ ಫಸ್. ಒಂದು ಟ್ರಾನ್ಸಿಸ್ಟರ್, ಒಂದು ಡಯೋಡ್, ಜೊತೆಗೆ ಬೆರಳೆಣಿಕೆಯ ಸಾಮಾನು. ಒಂದು ಸಂಜೆಯಲ್ಲಿ ಮುಗಿಯುತ್ತದೆ. ಸೋಲ್ಡರಿಂಗ್ ಹೊಸದಾಗಿ ಕಲಿಯುವವರು ಇದನ್ನೇ ಮಾಡಲಿ. ಬಿಗ್ ಮಫ್ ನಾಲ್ಕು ಟ್ರಾನ್ಸಿಸ್ಟರಿನ ದೊಡ್ಡ ಸಂಸಾರ. ದನಿ ಎಷ್ಟು ಹೊತ್ತಾದರೂ ಎಳೆದುಕೊಂಡು ನಿಲ್ಲುತ್ತದೆ, ಸಣ್ಣ ಆ್ಯಂಪಿಗೂ ಹೊಂದುತ್ತದೆ. ಮೂರನೆಯದು ಫಝ್ ಫೇಸ್. ಲಂಡನ್ನಿನ ಆರ್ಬಿಟರ್ ಕಂಪನಿ 1966ರಲ್ಲಿ ತಂದದ್ದು, ಅಮೆರಿಕದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಕಾಲಡಿ ಇದ್ದದ್ದು. ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ಎರಡು ನಾಬ್. ಒಟ್ಟು ಹನ್ನೊಂದೇ ಸಾಮಾನು.

ನಾನು ಇದನ್ನೇ ಆರಿಸಿದೆ. ಕಾರಣ ಒಂದೇ. ಗಿಟಾರಿನ ವಾಲ್ಯೂಮ್ ಸ್ವಲ್ಪ ಇಳಿಸಿದರೆ ಫಝ್ ಕರಗಿ ತಂತಿಯ ಸ್ವಚ್ಛ ದನಿ ಹೊರಗೆ ಬರುತ್ತದೆ. ಇದರ ಇನ್‌ಪುಟ್ ಇಂಪೀಡೆನ್ಸ್, ಅಂದರೆ ಒಳಬರುವ ಸಿಗ್ನಲ್ಲಿಗೆ ಒಡ್ಡುವ ತಡೆ, ತುಂಬಾ ಕಡಿಮೆ. ಹಾಗಾಗಿ ತಂತಿಯ ಕಂಪನ ಹಿಡಿಯುವ ಗಿಟಾರಿನ ಪಿಕಪ್ ಕೂಡ ಸರ್ಕ್ಯೂಟಿನ ಒಂದು ಭಾಗವೇ ಆಗಿಬಿಡುತ್ತದೆ. ಅದಕ್ಕೇ ಈ ಪೆಡಲ್ ಸಾಲಿನಲ್ಲಿ ಮೊದಲು ಇರಬೇಕು. ಗಿಟಾರಿಗೂ ಇದಕ್ಕೂ ನಡುವೆ ಬಫರ್ (ಎರಡನ್ನೂ ಬೇರ್ಪಡಿಸುವ ಸರ್ಕ್ಯೂಟ್) ಇರುವ ಬೇರೆ ಪೆಡಲ್ ಇಟ್ಟರೆ ಆ ಗುಣ ಹೋಗುತ್ತದೆ.

ಮೊದಲ ಫಝ್ ಫೇಸ್‌ಗಳಲ್ಲಿ ಇದ್ದದ್ದು ಜರ್ಮೇನಿಯಂ ಟ್ರಾನ್ಸಿಸ್ಟರ್. ನನಗೂ ಅದೇ ಬೇಕಿತ್ತು. ಗಾಂಧಿ ಚೌಕದ ಹತ್ತಿರ ಹಳೇ ರೇಡಿಯೊ ರಿಪೇರಿ ಮಾಡುವ ಒಬ್ಬ ಕಾಕಾ ಇದ್ದಾರೆ. ಅವರ ತಗಡಿನ ಡಬ್ಬಿಯಲ್ಲಿ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಕಂಪನಿಯ ಎಸಿ 128 ಒಂಬತ್ತು ಸಿಕ್ಕವು. ಒಂದು ಕಾಲಕ್ಕೆ ನಮ್ಮ ಬೆಂಗಳೂರಿನಲ್ಲೇ ಮಾಡುತ್ತಿದ್ದ ಟ್ರಾನ್ಸಿಸ್ಟರ್‌ಗಳು. ಕೈಯಲ್ಲಿ ಹಿಡಿದಾಗ ಬಹಳ ಖುಷಿಯಾಯಿತು. ಕಾಕಾ ಒಂದು ಮಾತು ಹೇಳಿದರು: "ತಮ್ಮಾ, ಇವು ಚಳ್ಯಾಗ ಚೊಲೊ ಇರ್ತಾವ. ಬ್ಯಾಸಗ್ಯಾಗ ಮಾತು ಕೇಳಂಗಿಲ್ಲ. ರೇಡಿಯೊದಾಗ ಅದಕ್ಕಂತ ಥರ್ಮಿಸ್ಟರ್ ಹಾಕಿರ್ತಿದ್ರು. ನಿನ್ನ ಡಬ್ಬ್ಯಾಗ ಅದೆಲ್ಲಿ ಐತಿ?" ಥರ್ಮಿಸ್ಟರ್ ಅಂದರೆ ಬಿಸಿಗೆ ತಕ್ಕಂತೆ ತಡೆ ಬದಲಿಸಿಕೊಳ್ಳುವ ರೆಸಿಸ್ಟರ್. ನಾನು ಹೂಂ ಅಂದು ತಂದೆ.

ಜರ್ಮೇನಿಯಂ ಆರಿಸುವುದು ಕಾಳು ಆರಿಸಿದ ಹಾಗೆ, ಒಂದೊಂದನ್ನೂ ನೋಡಬೇಕು. ಮಲ್ಟಿಮೀಟರಿನ ಗೇನ್ (ಟ್ರಾನ್ಸಿಸ್ಟರ್ ಕರೆಂಟನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಅನ್ನುವ ಅಂಕಿ) ತೋರಿಸುವ ತೂತಿಗೆ ಹಾಕಿ ನಂಬಬೇಡಿ. ಇವು ಒಳಗೇ ಕರೆಂಟ್ ಸೋರುತ್ತವೆ, ಆ ಸೋರಿಕೆಯನ್ನೂ ಮೀಟರ್ ಗೇನ್ ಅಂತಲೇ ಎಣಿಸುತ್ತದೆ. ನಾನು ಮಾಡಿದ್ದು ಹೀಗೆ. ಟ್ರಾನ್ಸಿಸ್ಟರಿಗೆ ಮೂರು ಕಾಲು: ಎಮಿಟರ್, ಬೇಸ್, ಕಲೆಕ್ಟರ್. 9 ವೋಲ್ಟ್ ಬ್ಯಾಟರಿಯ ಪ್ಲಸ್‌ಗೆ ಎಮಿಟರ್. ಕಲೆಕ್ಟರಿನಿಂದ 2.4 ಕಿಲೋ ಓಮ್ ರೆಸಿಸ್ಟರ್ ಮೂಲಕ ಮೈನಸ್‌ಗೆ. ಬೇಸ್ ಕಾಲು ಸುಮ್ನೆ ಗಾಳಿಯಲ್ಲಿ. ಆ ರೆಸಿಸ್ಟರಿನ ಎರಡು ತುದಿಗೆ ಮೀಟರ್ ಹಿಡಿದರೆ ಬರುವುದು ಸೋರಿಕೆ. ಆಮೇಲೆ ಬೇಸನ್ನು 2.2 ಮೆಗಾ ಓಮ್ ಮೂಲಕ ಮೈನಸ್‌ಗೆ ಕೊಟ್ಟು ಮತ್ತೆ ಓದಬೇಕು. ಎರಡನೇ ಅಂಕಿಯಲ್ಲಿ ಮೊದಲನೆಯದನ್ನು ಕಳೆದು ನೂರರಿಂದ ಗುಣಿಸಿದರೆ ಹೆಚ್ಚುಕಡಿಮೆ ನಿಜವಾದ ಗೇನ್. ನನ್ನ ಒಂದು ಟ್ರಾನ್ಸಿಸ್ಟರ್ ಮೊದಲು 0.40, ಆಮೇಲೆ 1.15 ವೋಲ್ಟ್ ತೋರಿಸಿತು. ಅಂದರೆ ಗೇನ್ 75. ಮೊದಲ ಜಾಗಕ್ಕೆ ಹೇಳಿ ಮಾಡಿಸಿದಂತಿತ್ತು. ಎರಡನೇ ಜಾಗಕ್ಕೆ 110ರ ಹತ್ತಿರದ್ದು ಸಿಕ್ಕಿತು. ಉಳಿದ ಏಳು ಕೆಲಸಕ್ಕೆ ಬರಲಿಲ್ಲ. ಅಳೆಯುವಾಗ ಬೆರಳಲ್ಲಿ ಹಿಡಿಯಬಾರದು. ಮೈ ಬಿಸಿಗೇ ಅಂಕಿ ಏರುತ್ತದೆ, ಕೈಬಿಟ್ಟು ಐದು ನಿಮಿಷ ಕಾಯಬೇಕು.

ಜನವರಿಯಲ್ಲಿ ಪೆಡಲ್ ಮುಗಿಯಿತು. ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರಿನಲ್ಲಿ ನಾಲ್ಕೂವರೆ ವೋಲ್ಟ್, ಅಂದರೆ ಬ್ಯಾಟರಿಯ ಸರಿಯಾಗಿ ಅರ್ಧ. ಹಾಗಿದ್ದರೆ ಅಲೆ ಮೇಲೂ ಕೆಳಗೂ ಹೆಚ್ಚುಕಡಿಮೆ ಸಮನಾಗಿ ಕತ್ತರಿಸುತ್ತದೆ. ದನಿ ಬೆಣ್ಣೆಯಂತೆ ಬಂತು. ಎರಡು ತಿಂಗಳು ಬೇರೇನೂ ನುಡಿಸಲಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ ಮಾಳಿಗೆಯ ಕೋಣೆಯಲ್ಲಿ ಗಿಟಾರ್ ಹಚ್ಚಿದೆ. ತಂತಿ ಮೀಟಿದ ಕೂಡಲೇ ಒಂದು ಚೂರು ದನಿ, ಆಮೇಲೆ ಕೊರಕೊರ ಅಂದು ಸತ್ತುಹೋಯಿತು. ಅದೇ ಕಲೆಕ್ಟರಿಗೆ ಮೀಟರ್ ಹಿಡಿದರೆ ಆರೂವರೆ ವೋಲ್ಟ್. ಜರ್ಮೇನಿಯಂನ ಸೋರಿಕೆ ಪ್ರತಿ 10 ಡಿಗ್ರಿಗೆ ಸುಮಾರು ಎರಡು ಪಟ್ಟು ಆಗುತ್ತದೆ. ಚಳಿಗಾಲದ ಬೆಳಿಗ್ಗೆಗೂ ನಮ್ಮ ಮೇ ಮಧ್ಯಾಹ್ನಕ್ಕೂ ಅಂತರ ಎಷ್ಟು ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ ಅಲ್ವಾ? 0.40 ತೋರಿಸಿದ್ದ ಅದೇ ಟ್ರಾನ್ಸಿಸ್ಟರನ್ನು ಬಿಚ್ಚಿ ಅಳೆದರೆ ಬೇಸ್ ಗಾಳಿಯಲ್ಲಿದ್ದಾಗಲೇ ಒಂದು ವೋಲ್ಟ್ ದಾಟಿತ್ತು. ಕಾಕಾ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜ.

ಇನ್ನೊಂದು ತೊಂದರೆಯೂ ಇತ್ತು. ಎಸಿ 128 ಪಿಎನ್‌ಪಿ ಜಾತಿ, ಹಾಗಾಗಿ ಪ್ಲಸ್ಸೇ ಗ್ರೌಂಡ್, ಅಂದರೆ ಎಲ್ಲಕ್ಕೂ ಸಾಮಾನ್ಯವಾದ ತಂತಿ. ಬೇರೆ ಪೆಡಲ್‌ಗಳಲ್ಲಿ ಮೈನಸ್ ಗ್ರೌಂಡ್. ಬೇರೆ ಪೆಡಲ್ ಜೊತೆ ಒಂದೇ ಅಡಾಪ್ಟರಿಗೆ ಹಾಕಿದರೆ ನೇರ ಶಾರ್ಟ್. ನಾನು ಒಂದು ಅಡಾಪ್ಟರ್ ಸುಟ್ಟೆ.

ಆಗ ಸಿಲಿಕಾನ್ ಟ್ರಾನ್ಸಿಸ್ಟರ್‌ಗೆ ತಿರುಗಿದೆ. ಮುಂದೆ ಫಝ್ ಫೇಸ್ ಮಾಡಿದವರೂ ಸಿಲಿಕಾನ್‌ಗೆ ಹೋದರು, ಬಿಸಿ 108 ಹಾಕಿದ ಪೆಡಲ್‌ಗಳೂ ಇವೆ. ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿಗೆ ಬಿಸಿ 107 ಬೇಕಾಗುವುದರಿಂದ ಅದರ ತಮ್ಮ ಬಿಸಿ 108 ಕೂಡ ಸುಲಭವಾಗಿ ಸಿಗುತ್ತದೆ. ಇದು ಎನ್‌ಪಿಎನ್, ಮೈನಸ್ ಗ್ರೌಂಡ್, ಎಲ್ಲ ಪೆಡಲ್ ಜೊತೆ ಒಂದೇ ಅಡಾಪ್ಟರಿನಲ್ಲಿ ನಡೆಯುತ್ತದೆ. ಸೋರಿಕೆ ಲೆಕ್ಕಕ್ಕೇ ಇಲ್ಲ.

ಆದರೆ ಬರೀ ಟ್ರಾನ್ಸಿಸ್ಟರ್ ಬದಲಿಸಿದರೆ ಸಾಲದು. ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರಿಗೆ ಹಳೇ 8.2 ಕೆ (ಕಿಲೋ ಓಮ್) ರೆಸಿಸ್ಟರ್ ಇಟ್ಟರೆ ಅಲ್ಲಿನ ವೋಲ್ಟೇಜ್ ಮೂರರ ಕೆಳಗೆ ಬಿತ್ತು. ಅದರ ಜಾಗಕ್ಕೆ 10 ಕೆ ಟ್ರಿಮ್‌ಪಾಟ್ (ತಿರುಗಿಸಿ ಬದಲಿಸಬಹುದಾದ ಪುಟ್ಟ ರೆಸಿಸ್ಟರ್) ಹಾಕಿ, ಮೀಟರ್ ನೋಡುತ್ತಾ ತಿರುಗಿಸಿ ನಾಲ್ಕೂವರೆಗೆ ತಂದೆ. ನನ್ನದರಲ್ಲಿ 6 ಕೆ ಆಸುಪಾಸು ಬಂತು. ದನಿ ಸಣ್ಣದು ಅನ್ನಿಸಿದ್ದಕ್ಕೆ ಅದರ ಜೊತೆಗಿರುವ 470 ಓಮ್ ರೆಸಿಸ್ಟರ್ ತೆಗೆದು 1 ಕೆ ಹಾಕಿದೆ, ವಾಲ್ಯೂಮ್ ಜಾಸ್ತಿಯಾಯಿತು.

ಸಿಲಿಕಾನ್ ಚುಚ್ಚುತ್ತದೆ, ಅದೂ ನನ್ನ ಚಿಕ್ಕ ಟ್ರಾನ್ಸಿಸ್ಟರ್ ಆ್ಯಂಪಿನಲ್ಲಿ. ರಾತ್ರಿ ಹೊತ್ತು ಹಿನ್ನೆಲೆಯಲ್ಲಿ ರೇಡಿಯೊ ಮಾತು ಕೂಡ ಕೇಳಿಸುತ್ತಿತ್ತು. ಎರಡಕ್ಕೂ ಮದ್ದು ಒಂದೇ: ಎರಡೂ ಟ್ರಾನ್ಸಿಸ್ಟರಿನ ಕಲೆಕ್ಟರ್ ಮತ್ತು ಬೇಸ್ ನಡುವೆ ಒಂದೊಂದು ಪುಟ್ಟ ಕೆಪಾಸಿಟರ್. 100 ಪಿಕೋ ಫ್ಯಾರಡ್‌ಗೆ ರೇಡಿಯೊ ನಿಂತಿತು, 220ಕ್ಕೆ ಚುಚ್ಚುವುದೂ ನಿಂತಿತು. 470 ಹಾಕಿ ನೋಡಿದೆ, ಕಂಬಳಿ ಹೊದಿಸಿದ ಹಾಗಾಯಿತು. 220ಕ್ಕೇ ನಿಲ್ಲಿಸಿದೆ.

ನನ್ನ ಗಿಟಾರಿನಲ್ಲಿರುವುದು ಹಂಬಕರ್, ಅಂದರೆ ಎರಡು ಸುರುಳಿಯ ಪಿಕಪ್. ದಪ್ಪ ತಂತಿಯಲ್ಲಿ ದನಿ ರಾಡಿಯಾಗುತ್ತಿತ್ತು. ಇನ್‌ಪುಟ್ಟಿನ 2.2 ಮೈಕ್ರೋ ಫ್ಯಾರಡ್ ಕೆಪಾಸಿಟರ್ ತೆಗೆದು 0.1 ಹಾಕಿದೆ. ಸ್ವರ ಬಿಡಿಬಿಡಿಯಾಗಿ ಕೇಳತೊಡಗಿತು. ಇಡೀ ಕೆಲಸದಲ್ಲಿ ಅತಿ ಅಗ್ಗದ ಬದಲಾವಣೆ ಇದು, ನನ್ನ ಕಿವಿಗೆ ಅತಿ ದೊಡ್ಡದೂ ಇದೇ.

ಡಬ್ಬಿಗೆ ಅಮ್ಮನ ಹಳೇ ಅಲ್ಯುಮಿನಿಯಂ ಡಬ್ಬಿ ಕೇಳಿ ತೊಗೊಂಡೆ. ಶೇಂಗಾ ಹಿಂಡಿ ಇಡುತ್ತಿದ್ದದ್ದು. ಪ್ಲಾಸ್ಟಿಕ್ ಬೇಡ, ಲೋಹದ ಡಬ್ಬಿಯನ್ನು ಗ್ರೌಂಡಿಗೆ ಸೇರಿಸಿದರೆ ಹಮ್ (ಕರೆಂಟಿನ ಗುಂಯ್ ಸದ್ದು) ಒಳಗೆ ಬರುವುದಿಲ್ಲ. ಎಲ್ಲ ಜೋಡಿಸಿ ಮುಚ್ಚಳ ಹಾಕಿದೆ, ದನಿ ಮಾಯ. ತೆಗೆದರೆ ಬಂತು, ಹಾಕಿದರೆ ಹೋಯಿತು. ಒಂದು ಗಂಟೆ ಹುಡುಕಿದ ಮೇಲೆ ಸಿಕ್ಕಿತು: ಬಿಸಿ 108ರ ಲೋಹದ ಟೋಪಿ ಒಳಗಿನಿಂದ ಕಲೆಕ್ಟರಿಗೇ ಸೇರಿದೆ. ಅದು ಮುಚ್ಚಳಕ್ಕೆ ತಾಗಿ ಗ್ರೌಂಡ್ ಆಗುತ್ತಿತ್ತು. ಸೈಕಲ್ ಟ್ಯೂಬಿನ ಒಂದು ತುಂಡು ಕತ್ತರಿಸಿ ಮುಚ್ಚಳದ ಒಳಗೆ ಅಂಟಿಸಿದೆ.

ಈ ಮೇನಲ್ಲೂ ಅದೇ ಮಾಳಿಗೆಯ ಕೋಣೆಯಲ್ಲಿ ಮಧ್ಯಾಹ್ನ ಮೂರಕ್ಕೆ ಮೀಟರ್ ಹಿಡಿದೆ. 4.4 ವೋಲ್ಟ್. ಎಸಿ 128 ಎರಡನ್ನೂ ಹತ್ತಿಯಲ್ಲಿ ಸುತ್ತಿ ಇಟ್ಟಿದ್ದೇನೆ, ದೀಪಾವಳಿ ಕಳೆದ ಮೇಲೆ ತೆಗೆಯುತ್ತೇನೆ. ಅಷ್ಟರಲ್ಲಿ ತಮ್ಮನ ಬೇಸ್ ಗಿಟಾರಿಗೆ ಇನ್ನೊಂದು ಸಿಲಿಕಾನ್ ಬೋರ್ಡ್ ಕತ್ತರಿಸಿದ್ದೇನೆ. ಅದರಲ್ಲಿ ಮಾತ್ರ ಇನ್‌ಪುಟ್ಟಿಗೆ 2.2 ಹಾಗೇ ಇರುತ್ತದೆ.