ಹಳೆಯ ಕಟ್ಟಡಕ್ಕೆ ಪಾರಂಪರಿಕ ಮಾನ್ಯತೆ: ತೀರ್ಮಾನಕ್ಕೆ ಮೊದಲು ನೋಡಬೇಕಾದದ್ದು

ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿರುವ ವಾಡೆಯನ್ನು, ಅಂದರೆ ಹಳೆಯ ದೊಡ್ಡ ಮನೆಯನ್ನು, ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿಸಬೇಕೆಂಬ ಅರ್ಜಿ ನಿಮ್ಮ ಸಮಿತಿಯ ಮುಂದೆ ಬಂದಿದೆ ಎಂದಿಟ್ಟುಕೊಳ್ಳೋಣ. ಕಾನೂನಿನ ಮಾತನ್ನು ಮೊದಲು ತಿಳಿಯಾಗಿಸಿಕೊಳ್ಳಬೇಕು. ಉಣಕಲ್ಲಿನ ಚಂದ್ರಮೌಳೇಶ್ವರ ದೇವಾಲಯದಂತಹ ಕೇಂದ್ರ ಸಂರಕ್ಷಿತ ಸ್ಮಾರಕಗಳ ಸುತ್ತ ಕಟ್ಟಡ ನಿರ್ಮಾಣಕ್ಕೆ 100 ಮೀಟರ್ ನಿಷೇಧಿತ ಪ್ರದೇಶವೂ ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶವೂ ಇರುತ್ತವೆ. ಸ್ಥಳೀಯ ಮಾನ್ಯತೆಯ ಬಗೆ ಬೇರೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಪ್ರಕಾರ, ವಾಸ್ತುಶಿಲ್ಪ, ಸೌಂದರ್ಯ, ಇತಿಹಾಸ ಅಥವಾ ಸಂಸ್ಕೃತಿಯ ಮೌಲ್ಯವುಳ್ಳದ್ದಾಗಿದ್ದು, ಯೋಜನಾ ಪ್ರಾಧಿಕಾರವಾಗಲಿ ಬೇರೆ ಸಕ್ಷಮ ಪ್ರಾಧಿಕಾರವಾಗಲಿ ಹಾಗೆಂದು ಘೋಷಿಸಿದ ಕಟ್ಟಡವೇ ಪಾರಂಪರಿಕ ಕಟ್ಟಡ. ಇಷ್ಟು ವರ್ಷ ಹಳೆಯದಾಗಿರಬೇಕೆಂಬ ಮಾತು ಆ ವ್ಯಾಖ್ಯೆಯಲ್ಲಿಲ್ಲ. ಆದ್ದರಿಂದ ಕಟ್ಟಡಕ್ಕೆ ಎಷ್ಟು ವಯಸ್ಸಾಯಿತು ಎಂಬುದಕ್ಕಿಂತ, ಅದು ನಾಳೆ ಇಲ್ಲವಾದರೆ ಊರು ಕಳೆದುಕೊಳ್ಳುವುದೇನು ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಲು ಪ್ರಯತ್ನಿಸಿ. ಆ ವಾಕ್ಯ ಹೇಳುವುದನ್ನು ಕಟ್ಟಡದ ಮುಂದೆ ನಿಂತು ಬೆರಳಿಟ್ಟು ತೋರಿಸುವಂತಿರಬೇಕು. "ಬಹಳ ಪ್ರಾಚೀನವಾದದ್ದು" ಎಂಬ ವಾಕ್ಯ ಆ ಪರೀಕ್ಷೆಯಲ್ಲಿ ಉಳಿಯುವುದಿಲ್ಲ.

ಕಾಗದಪತ್ರಗಳಿಗೆ ಸಿಟಿ ಸರ್ವೆ ಕಚೇರಿಯಿಂದ ಆರಂಭಿಸಿ, ಆಮೇಲೆ ಮನೆಯವರ ಬಳಿಯಿರುವ ಖರೀದಿ ಪತ್ರ, ವಾಟ್ನಿ (ಪಾಲುವಿಭಾಗ) ಪತ್ರಗಳನ್ನು ಕೇಳಿ ನೋಡಿ. ಧಾರವಾಡ ಸೀಮೆ 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದುದರಿಂದ ಹಳೆಯ ಪತ್ರಗಳು ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿ ಸಿಗಬಹುದು. ಅದನ್ನು ಓದಬಲ್ಲವರನ್ನು ಹುಡುಕುವ ಶ್ರಮ ವ್ಯರ್ಥವಾಗುವುದಿಲ್ಲ.

ಕಟ್ಟಡವೇ ಹೇಳುವ ಕಾಲಮಾನವನ್ನು ಎಚ್ಚರದಿಂದ ಓದಬೇಕು. ಮಂಗಳೂರು ಹೆಂಚಿನ ಮೇಲೆ "1865" ಎಂದು ಅಚ್ಚೊತ್ತಿರುವುದನ್ನು ಕಂಡು ಮನೆಗೂ ಅದೇ ವರ್ಷವನ್ನು ಬರೆದುಬಿಡುವವರಿದ್ದಾರೆ. ಅದು ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ ಆರಂಭವಾದ ವರ್ಷ. ಹೆಂಚು ಎಷ್ಟೋ ದಶಕಗಳ ನಂತರದ್ದಾಗಿರಬಹುದು, ಗೋಡೆ ಹೆಂಚಿಗಿಂತಲೂ ಹಿಂದಿನದಾಗಿರಬಹುದು. ರೈಲು ಹಳಿಯ ತುಂಡನ್ನು ತೊಲೆಯಾಗಿ ಬಳಸಿದ್ದರೆ ಅದರ ಮಗ್ಗುಲಲ್ಲಿ ತಯಾರಕರ ಹೆಸರೂ ವರ್ಷವೂ ಉಬ್ಬಕ್ಷರದಲ್ಲಿರುವುದುಂಟು. ಆ ತೊಲೆ ಅದಕ್ಕಿಂತ ಹಿಂದೆ ಅಲ್ಲಿಗೆ ಬಂದಿರಲಾರದು ಎಂಬಷ್ಟನ್ನು ಮಾತ್ರ ಅದು ಸಾಬೀತುಪಡಿಸುತ್ತದೆ.

ಸ್ಥಿತಿಗತಿಯ ಪರಿಶೀಲನೆಗೆ ಹೆಚ್ಚು ಸಮಯ ಕೊಡಿ, ಏಕೆಂದರೆ "ಶಿಥಿಲವಾಗಿದೆ" ಎಂಬ ಒಂದು ಪದದಿಂದಲೇ ನಮ್ಮ ಕಡೆ ಎಷ್ಟೋ ಒಳ್ಳೆಯ ಮನೆಗಳು ನೆಲಕ್ಕುರುಳಿವೆ. ಹುಬ್ಬಳ್ಳಿ, ಗದಗಗಳ ಎರೆಮಣ್ಣು ಬೇಸಿಗೆಯಲ್ಲಿ ಕುಗ್ಗಿ ಮಳೆಗಾಲದಲ್ಲಿ ಉಬ್ಬುವುದರಿಂದ ಗೋಡೆಯ ಬಿರುಕುಗಳೂ ಅದರೊಂದಿಗೆ ತೆರೆದು ಮುಚ್ಚುತ್ತಿರುತ್ತವೆ. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಅಂಟಿಸಿ, ಪಕ್ಕದಲ್ಲಿ ದಿನಾಂಕ ಬರೆದು, ಪ್ರತಿ ತಿಂಗಳು ಬಿರುಕಿನ ಅಗಲವನ್ನೂ ಅಳೆಯಿರಿ. ಗಾಜು ಒಡೆದರೆ ಗೋಡೆ ಅಲುಗಿದೆ ಎಂದರ್ಥ, ಅಲುಗಾಟ ಋತುಮಾನದ್ದೋ ಒಂದೇ ದಿಕ್ಕಿಗೆ ಬೆಳೆಯುತ್ತಿರುವುದೋ ಎಂಬುದನ್ನು ಅಳತೆ ಹೇಳುತ್ತದೆ. ನಾನು ನೋಡಿದ ಒಂದು ವಾಡೆಯ ಪಡಸಾಲೆಯಲ್ಲಿ ಗೋಡೆಯ ಕೆಳಭಾಗ ಸೊಂಟದೆತ್ತರದವರೆಗೆ ಹೆಕ್ಕಳಿಕೆಯೆದ್ದು, ಮುಟ್ಟಿದರೆ ಬಿಳಿಯ ಉಪ್ಪು ಬೆರಳಿಗೆ ಅಂಟುತ್ತಿತ್ತು. ಮಣ್ಣಿನ ಗೋಡೆಗೆ ಈಚೆಗೆ ಬಳಿದ ಸಿಮೆಂಟು ತೇವವನ್ನು ಹೊರಹೋಗಲು ಬಿಡದೆ ಒಳಗೇ ಹಿಡಿದಿಟ್ಟಿತ್ತು, ಅಷ್ಟೇ. ಎರಡು ಮಾರು ಆಚೆ, ಹಳೆಯ ಸುಣ್ಣದ ಗಾರೆ ಉಳಿದಿದ್ದ ಕಡೆ ಗೋಡೆ ಒಣಗಿ ಗಟ್ಟಿಯಾಗಿತ್ತು. ಸಾಗವಾನಿ ಕಂಬವನ್ನು ತಟ್ಟಿದರೆ ತುಂಬಿದ ದನಿ ಬರುತ್ತಿತ್ತು. ಇಂತಹ ಕಟ್ಟಡವನ್ನು ದುರಸ್ತಿಗೆ ಯೋಗ್ಯವೆಂದೇ ಬರೆಯಬೇಕು. ತೊಲೆಗಳ ತುದಿ ಗೆದ್ದಲಿಗೆ ಪುಡಿಯಾಗಿ, ಅಡಿಪಾಯವೇ ಸರಿದಿದ್ದರೆ ಸ್ಟ್ರಕ್ಚರಲ್ ಎಂಜಿನಿಯರರ ಲಿಖಿತ ವರದಿಯಿಲ್ಲದೆ ಮುಂದುವರಿಯಬಾರದು.

ಅಂದವಿಲ್ಲದ ಕಟ್ಟಡಕ್ಕೂ ಅರ್ಹತೆಯಿರಬಹುದು. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಅಂತಹ ಘಟನೆ ನಡೆದ ಸಾದಾ ಕೋಣೆಗೆ ಕಂಬದ ತಲೆಯ ಮೇಲೆ ಕೆತ್ತನೆಯ ಬೋದಿಗೆಗಳಿರಬೇಕಾಗಿಲ್ಲ. ಆದರೆ ಘಟನೆ ನಡೆದದ್ದು ಈ ಕೋಣೆಯಲ್ಲೇ ಎಂಬುದಕ್ಕೆ ಆಧಾರ ಬೇಕು. ಉಪಯೋಗ ಬದಲಾಯಿತೆಂಬುದೂ ಕುಂದಲ್ಲ: ಧಾರವಾಡದ ಕರ್ನಾಟಕ ಕಾಲೇಜಿನ ಕಟ್ಟಡ ಮೊದಲು ರೈಲ್ವೆ ಕಚೇರಿಯಾಗಿತ್ತು.

ಇಷ್ಟಾದ ಮೇಲೂ ಮನೆಯಲ್ಲಿ ವಾಸವಿರುವವರೊಡನೆ ಕುಳಿತು ಮಾತನಾಡದೆ ತೀರ್ಮಾನಿಸುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಅಣ್ಣತಮ್ಮಂದಿರ ಪಾಲು ಮುಗಿದಿದೆಯೇ, ಮಾಳಿಗೆಗೆ ಪ್ರತಿವರ್ಷ ಮಣ್ಣು ಹಾಕಿಸುವ ಖರ್ಚು ಯಾರದು, ವಯಸ್ಸಾದ ತಾಯಿಗೆ ಒಳಗೇ ಶೌಚಾಲಯ ಬೇಕೇ ಎಂದು ಕೇಳಿ. ಮಾನ್ಯತೆಯಿಂದ ಒಡೆತನ ಹೋಗುವುದಿಲ್ಲ, ಆದರೆ ಕೆಡವುವ ಅಥವಾ ರೂಪ ಬದಲಿಸುವ ಕೆಲಸಕ್ಕೆ ಮೊದಲೇ ಅನುಮತಿ ಪಡೆಯಬೇಕಾಗುತ್ತದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸಿ. ಮುಂಬಯಿಯ 1995ರ ನಿಯಮಗಳಲ್ಲಿರುವಂತೆ ಕಟ್ಟಡಗಳನ್ನು ಮೂರು ದರ್ಜೆಗಳಲ್ಲಿ ವಿಂಗಡಿಸಿ, ಒಂದರಲ್ಲಿ ಒಳಹೊರಗನ್ನೆಲ್ಲ ಕಾಯುವುದು, ಇನ್ನೊಂದರಲ್ಲಿ ಒಳಗಿನ ಬದಲಾವಣೆಗೆ ಹೆಚ್ಚು ಅವಕಾಶ ಕೊಡುವುದು ವಿವೇಕದ ದಾರಿ. ಮುಖ್ಯ ಬಾಗಿಲು, ಬಂಕದ (ಮನೆಯ ಮುಂಭಾಗದ ಮೊಗಸಾಲೆಯ) ಕಟ್ಟೆ, ಪಡಸಾಲೆಯ ಕಂಬಗಳು ಹೀಗೆ ಕಾಯಬೇಕಾದ ಭಾಗಗಳನ್ನು ಆದೇಶದಲ್ಲಿ ಒಂದೊಂದಾಗಿ ಹೆಸರಿಸಿದರೆ, ಹಿತ್ತಲಿನ ಸ್ನಾನದ ಮನೆಗೆ ಯಾರೂ ಅಡ್ಡಿಪಡಿಸುವಂತಿರುವುದಿಲ್ಲ.

ನೀವು ಬರೆದ ವಾಕ್ಯಕ್ಕೆ ಸ್ಥಳದಲ್ಲಿ ಆಧಾರ ಸಿಗದಿದ್ದರೆ ಅರ್ಜಿಯನ್ನು ಕಾರಣ ಸಮೇತ ತಿರಸ್ಕರಿಸಿ. ಆಗಲೂ ಕಟ್ಟಡದ ಅಳತೆ ತೆಗೆದು, ಪ್ರತಿ ಕೋಣೆಯ ಛಾಯಾಚಿತ್ರ ಹಿಡಿದು, ಮನೆಯ ಹಿರಿಯರ ಮಾತನ್ನು ಧ್ವನಿಮುದ್ರಿಸಿ ಕಡತದಲ್ಲಿರಿಸಿ, ಅದರ ಒಂದು ಪ್ರತಿಯನ್ನು ಆ ಮನೆಯವರಿಗೂ ಕೊಡಿ.