ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಗೆ: ಆಟಿಸಂ ಇರುವ ಮಕ್ಕಳನ್ನು ಕಾಲೇಜಿಗೆ ಅಣಿಗೊಳಿಸುವ ಬಗೆ

ನಮ್ಮ ರಾಜ್ಯದಲ್ಲಿ ಕಾಲೇಜು ಶುರುವಾಗುವುದು 16ನೇ ವಯಸ್ಸಿಗೆ. ಹತ್ತನೇ ತರಗತಿಯ ಫಲಿತಾಂಶ ಬಂದ ಕೆಲವೇ ವಾರಗಳಲ್ಲಿ ಮಕ್ಕಳು ಪಿಯು ಕಾಲೇಜಿನಲ್ಲಿ ಕೂತಿರುತ್ತಾರೆ. ಹತ್ತು ವರ್ಷ ನೋಡಿಕೊಂಡ ಕ್ಲಾಸ್ ಟೀಚರ್‌ಗಳು ಅಲ್ಲಿಲ್ಲ. ಪ್ರತಿ ಪೀರಿಯಡ್‌ಗೂ ಬೇರೆ ಉಪನ್ಯಾಸಕರು, ದೊಡ್ಡ ಸೆಕ್ಷನ್, ಲ್ಯಾಬ್ ಇನ್ನೊಂದು ಮಹಡಿಯಲ್ಲಿ. ಡೈರಿಯಲ್ಲಿ ಬರೆದು ಕಳಿಸುವ ಪದ್ಧತಿಯೂ ಮುಗಿಯಿತು. ಆಟಿಸಂ ಇರುವ ಎಷ್ಟೋ ಜಾಣ ಮಕ್ಕಳು ಪಾಠ ಅರ್ಥವಾಗುತ್ತಿದ್ದರೂ ಮೊದಲ ಪಿಯುನಲ್ಲೇ ಕುಸಿಯುತ್ತಾರೆ. ಶಾಲೆಯೂ ಮನೆಯೂ ಸದ್ದಿಲ್ಲದೆ ಮಾಡಿಕೊಡುತ್ತಿದ್ದ ಸಣ್ಣಪುಟ್ಟ ಸಹಾಯಗಳೆಲ್ಲ ಒಂದೇ ದಿನ ನಿಂತುಹೋಗುವುದೇ ಇದಕ್ಕೆ ಕಾರಣ. ಆ ಸಹಾಯಗಳನ್ನು ಒಂದೊಂದಾಗಿ ಗುರುತಿಸಿ, ಇನ್ನು ಮುಂದೆ ಯಾವುದನ್ನು ಯಾರು ಮಾಡಬೇಕೆಂದು ಮೊದಲೇ ತೀರ್ಮಾನಿಸಿದರೆ ಸಿದ್ಧತೆಯ ದೊಡ್ಡ ಭಾಗ ಮುಗಿದಂತೆ.

ಮೊದಲು ಪಟ್ಟಿ

ಒಂಬತ್ತನೇ ತರಗತಿಯ ಕೊನೆಯಲ್ಲಿ ಅಥವಾ ಹತ್ತರ ಆರಂಭದಲ್ಲಿ ಒಂದು ವಾರ ನೋಟ್‌ಬುಕ್ ಹಿಡಿದು ಗಮನಿಸಿ. ಬೆಳಿಗ್ಗೆ ಎಬ್ಬಿಸುವವರು ಯಾರು? ಬ್ಯಾಗ್ ಯಾರು ಜೋಡಿಸುತ್ತಾರೆ? ಬೋರ್ಡ್ ಮೇಲಿನ ಹೋಮ್‌ವರ್ಕ್ ಬರೆದುಕೊಂಡನೋ ಇಲ್ಲವೋ ಎಂದು ನೋಡುವವರು ಯಾರು? ಯಾವ ಪುಟ ಎಂದು ಮೆಲ್ಲಗೆ ಹೇಳಿಕೊಡುವ ಪಕ್ಕದ ಗೆಳೆಯ, ಊಟದ ಗದ್ದಲದಲ್ಲಿ ಲೈಬ್ರರಿಯಲ್ಲಿ ಕೂರಲು ಬಿಡುವ ಆಯಾ ಇವರೂ ಪಟ್ಟಿಗೆ ಬರಲಿ. ಶಾಲೆಯಲ್ಲಿ ನಡೆಯುವುದು ನಿಮ್ಮ ಕಣ್ಣಿಗೆ ಬೀಳದು, ಕ್ಲಾಸ್ ಟೀಚರ್ ಜೊತೆ ಅರ್ಧ ಗಂಟೆ ಕೂತು ಕೇಳಿ.

ಪ್ರತಿ ಸಾಲಿನ ಮುಂದೆ, ಕಾಲೇಜಿನಲ್ಲಿ ಇದು ಯಾರ ಪಾಲಿಗೆ ಎಂದು ಬರೆಯಿರಿ: ತಾನೇ ಮಾಡುವುದು, ಫೋನ್ ನೆನಪಿಸುವುದು, ಹೆಸರು ಗೊತ್ತಿರುವ ಒಬ್ಬ ವ್ಯಕ್ತಿ, ಅಥವಾ ಕೈಬಿಡಬಹುದಾದದ್ದು. ಆಮೇಲೆ ತಿಂಗಳಿಗೆ ಎರಡಕ್ಕಿಂತ ಹೆಚ್ಚಿಲ್ಲದಂತೆ ಹಸ್ತಾಂತರಿಸಿ. ಕೆಟ್ಟರೆ ನಷ್ಟ ಕಡಿಮೆ ಇರುವುದರಿಂದ ಶುರುಮಾಡುವುದು ಒಳ್ಳೆಯದು. ಬ್ಯಾಗ್ ಜೋಡಿಸುವುದು ಮೊದಲಿಗೆ, ಮಾತ್ರೆ ತೆಗೆದುಕೊಳ್ಳುವುದು ಕೊನೆಗೆ. ಜನವರಿಯಿಂದ ಪರೀಕ್ಷೆ ಮುಗಿಯುವವರೆಗೆ ಹೊಸದೇನೂ ಬೇಡ.

ಇಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ: ಕೆಲಸವನ್ನು ಕಲಿಸುತ್ತೇವೆ, ನೆನಪಿಸುವ ಹೊಣೆಯನ್ನು ಮಾತ್ರ ನಮ್ಮಲ್ಲೇ ಇಟ್ಟುಕೊಳ್ಳುತ್ತೇವೆ. ‘ಬ್ಯಾಗ್ ಆಯ್ತಾ?’ ಎಂದು ದಿನಾ ಕೇಳುತ್ತಿದ್ದರೆ ಆ ಪ್ರಶ್ನೆಯೇ ಅವರ ಅಲಾರಂ. ರಾತ್ರಿ 9ಕ್ಕೆ ಫೋನ್ ಬಡಿಯಲಿ, ಬಾಗಿಲಿಗೆ ಅಂಟಿಸಿದ ಚೀಟಿ ನೋಡಿ ಜೋಡಿಸಲಿ, ನೀವು ಸುಮ್ಮನಿರಿ. ಒಂದೆರಡು ಸಲ ಪುಸ್ತಕ ಬಿಟ್ಟುಹೋಗುತ್ತದೆ. ಅದು ಹತ್ತನೇ ತರಗತಿಯಲ್ಲೇ ಆಗಿಹೋಗಲಿ.

ಕಾಗದಪತ್ರ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ವೈಕಲ್ಯ ಪ್ರಮಾಣಪತ್ರಕ್ಕೆ ಭಾರತದಲ್ಲಿ ಬಳಸುವ ಅಳತೆ ಐಎಸ್‌ಎಎ, ಅಂದರೆ ಆಟಿಸಂ ಎಷ್ಟಿದೆ ಎಂದು ಅಂಕ ಕೊಟ್ಟು ಅಳೆಯುವ ಭಾರತೀಯ ಮಾಪನ. ಅದರಲ್ಲಿ 70 ಅಂಕ ಬಂದರೆ ವೈಕಲ್ಯ ಶೇ. 40 ಎಂದು ಲೆಕ್ಕ. ಮೀಸಲಾತಿಯಂಥ ಸೌಲಭ್ಯಗಳಿಗೆ ಶೇ. 40 ಇರಲೇಬೇಕು. ಚೆನ್ನಾಗಿ ಮಾತಾಡುವ, ಒಳ್ಳೆಯ ಅಂಕ ತೆಗೆಯುವ ಮಕ್ಕಳಿಗೆ ಇಲ್ಲೇ ಅಂಕ ಕಡಿಮೆ ಬೀಳುವ ಸಂಭವ. ಹೊಸ ಕೋಣೆಯಲ್ಲಿ ಅರ್ಧ ಗಂಟೆ ಸಭ್ಯವಾಗಿ ಕೂತ ಹುಡುಗಿ ಮನೆಗೆ ಬಂದು ಮೂರು ಗಂಟೆ ಕತ್ತಲಲ್ಲಿ ಮಲಗುವುದು ಪರೀಕ್ಷಿಸುವವರಿಗೆ ಕಾಣದು. ಆದ್ದರಿಂದ ಹಳೆಯ ಥೆರಪಿ ವರದಿಗಳು, ಶಾಲೆಯ ಪತ್ರ, ದಿನನಿತ್ಯ ಬೇಕಾಗುವ ಸಹಾಯಗಳ ಪಟ್ಟಿ (ಮೇಲೆ ಮಾಡಿದ್ದೇ ಸಾಕು) ಜೊತೆಗೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಆಟಿಸಂ ಮೌಲ್ಯಮಾಪನದಲ್ಲಿ ಪಳಗಿದವರಿದ್ದಾರೆ.

ಯುಡಿಐಡಿ ಕಾರ್ಡ್ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ) ಈಗಾಗಲೇ ಇದ್ದರೆ ಎರಡು ವಿಷಯ ನೋಡಿ. ಒಂದು, ಚಿಕ್ಕಂದಿನಲ್ಲಿ ಮಾಡಿಸಿದ್ದಾದರೆ ಅವಧಿ ಮುಗಿದಿದೆಯೇ. ಎರಡು, ಹೆಸರು ಮತ್ತು ಇನಿಷಿಯಲ್ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಯುಡಿಐಡಿ ಮೂರರಲ್ಲೂ ಅಕ್ಷರಶಃ ಒಂದೇ ಇದೆಯೇ. ಇನಿಷಿಯಲ್ ಹಿಂದೆ ಮುಂದೆ ಆದದ್ದಕ್ಕೇ ಪ್ರವೇಶದ ವೇಳೆ ಅರ್ಜಿ ನಿಂತುಬಿಡಬಹುದು. ಹತ್ತನೇ ತರಗತಿಯ ದಸರಾ ರಜೆಯಲ್ಲಿ ಈ ಕೆಲಸ ಹಿಡಿದರೆ ಮೇ ತಿಂಗಳಲ್ಲಿ ಓಡಾಡಬೇಕಿಲ್ಲ.

ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಸಿಕ್ಕ ರಿಯಾಯಿತಿ (ಹೆಚ್ಚುವರಿ ಸಮಯದಂಥದ್ದು) ಪಿಯುಗೆ ತಾನಾಗಿ ಬರುತ್ತದೆಂದು ನಂಬಿ ಕೂರಬೇಡಿ. ಪ್ರಾಂಶುಪಾಲರ ಮೂಲಕ ಹೊಸದಾಗಿ ಅರ್ಜಿ ಹಾಕಿ, ಸ್ವೀಕೃತಿಯ ಸಹಿ ಇರುವ ಪ್ರತಿಯನ್ನು ಇಟ್ಟುಕೊಳ್ಳಿ. ಭಾಷಾ ವಿನಾಯಿತಿ ಪಡೆದವರು ಕಾಂಬಿನೇಷನ್ ಆರಿಸುವ ಮುನ್ನವೇ ಅದು ಮುಂದುವರಿಯುತ್ತದೆಯೇ ಎಂದು ಕೇಳಿ ತಿಳಿಯಬೇಕು.

ಕಾಲೇಜು ಆರಿಸುವಾಗ

ಪ್ರಾಸ್ಪೆಕ್ಟಸ್ ಓದಿದರೆ ಏನೂ ಗೊತ್ತಾಗದು. ತರಗತಿ ನಡೆಯುವ ದಿನವೊಂದರಲ್ಲಿ ಬೆಳಿಗ್ಗೆ 11ಕ್ಕೆ ಒಮ್ಮೆ, ಊಟದ ಬಿಡುವಿಗೆ ಇನ್ನೊಮ್ಮೆ ಮಕ್ಕಳನ್ನೇ ಕರೆದುಕೊಂಡು ಹೋಗಿ. ಕಾರಿಡಾರಿನ ಪ್ರತಿಧ್ವನಿ, ಮಿನುಗುವ ಟ್ಯೂಬ್‌ಲೈಟ್, ಶೌಚಾಲಯದ ವಾಸನೆ, ಮೆಟ್ಟಿಲ ಮೇಲಿನ ನೂಕುನುಗ್ಗಲು: ಇವೆಲ್ಲ ಶೇಕಡಾವಾರು ಫಲಿತಾಂಶದಷ್ಟೇ ಮುಖ್ಯ. ಪ್ರಾಂಶುಪಾಲರನ್ನು ಕೇಳಬೇಕಾದ್ದು: ಸೆಕ್ಷನ್‌ನಲ್ಲಿ ಎಷ್ಟು ಜನ, ಟೈಮ್‌ಟೇಬಲ್ ಬದಲಾದರೆ ಹೇಗೆ ತಿಳಿಸುತ್ತೀರಿ, ಬಿಡುವಿನಲ್ಲಿ ಕೂರಲು ಸದ್ದಿಲ್ಲದ ಜಾಗ ಇದೆಯೇ, ಸಮಸ್ಯೆ ಬಂದರೆ ಮಾತಾಡಬೇಕಾದ ಒಬ್ಬರು ಯಾರು. ‘ನಮ್ಮಲ್ಲಿ ಎಲ್ಲರನ್ನೂ ಒಂದೇ ರೀತಿ ನೋಡುತ್ತೇವೆ’ ಎಂಬ ಉತ್ತರ ಬಂದರೆ ಬೇರೆ ಕಾಲೇಜು ನೋಡುವುದು ಮೇಲು.

ಪಿಯು ಜೊತೆಗೇ ಸಿಇಟಿ, ನೀಟ್ ಕೋಚಿಂಗ್ ಎಂದು ಬೆಳಗಿನಿಂದ ಸಂಜೆಯವರೆಗೆ ಕೂರಿಸುವ ಕಾಲೇಜುಗಳನ್ನು ಈ ಮಕ್ಕಳಿಗೆ ನಾವು ಸಲಹೆ ಮಾಡುವುದಿಲ್ಲ. ಇಡೀ ದಿನದ ಸದ್ದುಗದ್ದಲದಿಂದ ಸುಧಾರಿಸಿಕೊಳ್ಳಲು ಸಂಜೆ ಬೇಕೇ ಬೇಕು, ಅಲ್ಲಿ ಅದೇ ಸಿಗದು. ವಿಜ್ಞಾನ ಆರಿಸುವವರು ಲ್ಯಾಬ್ ಬಗ್ಗೆ ಮೊದಲೇ ಯೋಚಿಸಿ. ರಸಾಯನಶಾಸ್ತ್ರದ ವಾಸನೆ, ಬ್ಯೂರೆಟ್ ಹಿಡಿಯುವ ಕೈಚಳಕ, ಜೋಡಿಯಾಗಿ ಮಾಡುವ ಪ್ರಯೋಗ ಮೂರೂ ಕಷ್ಟವಾಗಬಹುದು. ಪಾಲುದಾರರನ್ನು ತಾವೇ ಹುಡುಕಿಕೊಳ್ಳಿ ಎಂದು ಬಿಡದೆ ಉಪನ್ಯಾಸಕರೇ ಒಬ್ಬರನ್ನು ಹೆಸರಿಸಿ ಜೊತೆ ಮಾಡಿಕೊಡಲಿ.

ಯಾರಿಗೆ ಹೇಳಬೇಕು, ಏನು ಹೇಳಬೇಕು

ಇದು ಮಕ್ಕಳ ಒಪ್ಪಿಗೆ ಇಲ್ಲದೆ ಆಗಬಾರದು. ಪ್ರಾಂಶುಪಾಲರಿಗೂ ಪಾಠ ಮಾಡುವ ಉಪನ್ಯಾಸಕರಿಗೂ ತಿಳಿದಿದ್ದರೆ ಅನುಕೂಲ. ಸಹಪಾಠಿಗಳಿಗೆ ಹೇಳುವುದು ಬಿಡುವುದು ಪೂರ್ತಿ ಅವರಿಷ್ಟ. ಇಪ್ಪತ್ತು ಪುಟದ ವೈದ್ಯಕೀಯ ವರದಿ ಯಾರೂ ಓದುವುದಿಲ್ಲ. ಒಂದೇ ಪುಟ, ಅವರದೇ ಮಾತಿನಲ್ಲಿ, ಹೀಗಿರಲಿ:

‘ನನಗೆ ಆಟಿಸಂ ಇದೆ. ಮಾತಾಡುವವರ ಕಣ್ಣು ನೋಡುತ್ತಾ ಕೇಳಿದರೆ ಪಾಠ ತಲೆಗೆ ಹೋಗುವುದಿಲ್ಲ, ಕೆಳಗೆ ನೋಡುತ್ತಿದ್ದರೂ ಕೇಳಿಸಿಕೊಳ್ಳುತ್ತಿರುತ್ತೇನೆ. ತರಗತಿಯಲ್ಲಿ ಥಟ್ಟನೆ ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಮಾತು ಹೊರಡುವುದಿಲ್ಲ, ಹತ್ತು ಸೆಕೆಂಡ್ ಕೊಡಿ ಅಥವಾ ಬರೆದು ತೋರಿಸಲು ಬಿಡಿ. ಪರೀಕ್ಷೆಯ ದಿನ, ಕೊಠಡಿ ಬದಲಾದರೆ ಬರೆದು ತಿಳಿಸಿ. ನಾನು ಎದ್ದು ಹೊರಗೆ ಹೋದರೆ ಅದು ಅಗೌರವ ಅಲ್ಲ, ಐದು ನಿಮಿಷದಲ್ಲಿ ಬರುತ್ತೇನೆ. ಆಗ ನನ್ನನ್ನು ಮುಟ್ಟಬೇಡಿ, ಪ್ರಶ್ನೆ ಕೇಳಬೇಡಿ.’

ಇದರಲ್ಲಿ ಪ್ರತಿ ಸಾಲೂ ಉಪನ್ಯಾಸಕರು ಮಾಡಬಹುದಾದ ಒಂದು ಕೆಲಸ ಹೇಳುತ್ತದೆ. ‘ಸಂವೇದನಾ ಸಮಸ್ಯೆ ಇದೆ, ಸಹಕರಿಸಿ’ ಎಂದು ಬರೆದರೆ ಓದಿದವರಿಗೆ ಏನು ಮಾಡಬೇಕೆಂದೇ ತಿಳಿಯದು.

ದಾರಿಯ ತಾಲೀಮು

ಕಾಲೇಜು ಶುರುವಾಗುವ ಮೂರು ವಾರ ಮೊದಲೇ ಬಸ್ ಅಭ್ಯಾಸ ಆರಂಭವಾಗಲಿ. ಮೊದಲು ಜೊತೆಯಲ್ಲಿ ಕೂತು, ಆಮೇಲೆ ಅದೇ ಬಸ್ಸಿನಲ್ಲಿ ದೂರ ಕೂತು, ಆಮೇಲೆ ಅವರು ಇಳಿಯುವ ಸ್ಟಾಪಿನಲ್ಲಿ ನೀವು ಕಾದು, ಕೊನೆಗೆ ಒಬ್ಬರೇ ಹೋಗಿ ತಲುಪಿದ ಮೆಸೇಜ್ ಹಾಕುವುದು. ಮಧ್ಯಾಹ್ನ ಖಾಲಿ ಬಸ್ಸಿನಲ್ಲಿ ಕಲಿತದ್ದು ಬೆಳಿಗ್ಗೆ 8ರ ರಶ್ಶಿನಲ್ಲಿ ಉಪಯೋಗಕ್ಕೆ ಬಾರದು, ನಿಜವಾದ ಸಮಯದಲ್ಲೇ ಹೋಗಿ.

ಮುಖ್ಯವಾದ ತಾಲೀಮು, ಕೆಟ್ಟ ದಿನದ್ದು. ಬಸ್ 20 ನಿಮಿಷ ಬಾರದಿದ್ದರೆ? ಸ್ಟಾಪ್ ದಾಟಿಹೋದರೆ? ಫೋನ್ ಚಾರ್ಜ್ ಮುಗಿದರೆ? ಬೇಕೆಂದೇ ಒಂದು ಸ್ಟಾಪ್ ಮುಂದೆ ಇಳಿಸಿ ವಾಪಸ್ ಬರುವುದನ್ನು ಕಲಿಸಿ. ಬ್ಯಾಗಿನ ಒಳಜೇಬಿನಲ್ಲಿ ಆಟೋಗೆಂದು 200 ರೂಪಾಯಿ, ವಿಳಾಸ ಮತ್ತು ಎರಡು ಫೋನ್ ನಂಬರ್ ಬರೆದ ಕಾರ್ಡ್ ಸದಾ ಇರಲಿ. ಹೊರಗಿನ ಸದ್ದಿಗೆ ಇಯರ್‌ಪ್ಲಗ್ ಒಳ್ಳೆಯದು. ರಸ್ತೆ ದಾಟುವಾಗ ಮಾತ್ರ ತೆಗೆಯಬೇಕೆಂಬ ನಿಯಮ ಗಟ್ಟಿಯಾಗಿರಲಿ.

ಆರನೇ ವಾರದ ಕುಸಿತ

ಮೊದಲ ತಿಂಗಳು ಎಲ್ಲ ಚೆನ್ನಾಗಿ ನಡೆದು ಮನೆಯವರು ನಿರಾಳರಾಗುತ್ತಾರೆ. ಐದಾರನೇ ವಾರದ ಹೊತ್ತಿಗೆ ಬೆಳಿಗ್ಗೆ ಹೊಟ್ಟೆನೋವು ಶುರು, ಡಬ್ಬಿ ಹಾಗೇ ವಾಪಸ್, ಸಂಜೆ ಮಾತಿಲ್ಲ, ರಾತ್ರಿ ನಿದ್ದೆಯಿಲ್ಲ. ಎಲ್ಲರಂತೆ ಕಾಣಿಸಿಕೊಳ್ಳಲು ದಿನವಿಡೀ ಪಡುವ ಶ್ರಮಕ್ಕೆ ದೇಹ ತೆರುವ ಬೆಲೆ ಇದು. ಇದನ್ನು ಸೋಮಾರಿತನ ಎಂದು ಬಗೆದು ಟ್ಯೂಷನ್ ಸೇರಿಸಿದರೆ ವಾರದೊಳಗೆ ಕಾಲೇಜೇ ಬೇಡ ಎನ್ನುವ ಹಂತ ಮುಟ್ಟುತ್ತದೆ.

ಆಗ ಮಾಡಬೇಕಾದದ್ದು ಹೊರೆ ಇಳಿಸುವುದು. ಟ್ಯೂಷನ್ ನಿಲ್ಲಿಸಿ. ಮನೆಗೆ ಬಂದ ಮೊದಲ ಒಂದು ಗಂಟೆ ಯಾರೂ ಏನೂ ಕೇಳಬೇಡಿ, ‘ಇವತ್ತು ಹೇಗಿತ್ತು’ ಎಂದು ಸಹ. ಮದುವೆ, ಗೃಹಪ್ರವೇಶಗಳಿಗೆ ಒಂದೆರಡು ತಿಂಗಳು ವಿನಾಯಿತಿ ಕೊಡಿ. ನೆಂಟರಿಗೆ ಸಮಜಾಯಿಷಿ ಹೇಳುವುದು ನಿಮ್ಮ ಕೆಲಸ. ಹಾಜರಾತಿಯನ್ನೂ ಲೆಕ್ಕ ಹಾಕಿ ಬಳಸಬಹುದು: ಶೇ. 75 ಬೇಕೆಂದರೆ ನೂರು ತರಗತಿಗೆ 25 ಕೈಯಲ್ಲಿವೆ. 10 ಅನ್ನು ಜ್ವರ, ನೆಗಡಿಗೆ ತೆಗೆದಿಟ್ಟು ಉಳಿದದ್ದರಲ್ಲಿ ಎರಡು ವಾರಕ್ಕೊಂದು ವಿಶ್ರಾಂತಿಯ ದಿನ ಮೊದಲೇ ಕ್ಯಾಲೆಂಡರಿನಲ್ಲಿ ಗುರುತಿಸಿ. ಬರಲಿರುವ ರಜೆ ಕಣ್ಣಿಗೆ ಕಾಣುತ್ತಿದ್ದರೆ ಉಳಿದ ದಿನಗಳು ಸಹನೀಯ. ನಿದ್ದೆ, ಊಟ ಎರಡು ವಾರ ಕಳೆದರೂ ಸರಿಹೋಗದಿದ್ದರೆ ಅಥವಾ ಬದುಕು ಬೇಡ ಎಂಬ ಮಾತು ಒಮ್ಮೆ ಬಂದರೂ ತಡಮಾಡದೆ ಮನೋವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು.

ಬಿಡುವಿನ ಪೀರಿಯಡ್, ಊಟದ ಹೊತ್ತು ಪಾಠಕ್ಕಿಂತ ಕಠಿಣ. ‘ಫ್ರೆಂಡ್ಸ್ ಜೊತೆ ಇರು’ ಎಂದರೆ ಎಲ್ಲಿ, ಯಾರ ಜೊತೆ, ಏನು ಮಾಡುತ್ತಾ ಎಂದು ಅವರಿಗೆ ತಿಳಿಯದು. ‘12:40ರಿಂದ 1ರವರೆಗೆ ಊಟ, ಆಮೇಲೆ ಲೈಬ್ರರಿಯ ಕಿಟಕಿ ಪಕ್ಕದ ಮೇಜು’ ಎಂದು ಟೈಮ್‌ಟೇಬಲ್‌ನಲ್ಲೇ ಬರೆಯಿರಿ. ಗೆಳೆತನದ ಹೆಸರಲ್ಲಿ ದುಡ್ಡು ಕೀಳುವವರ ಬಗ್ಗೆಯೂ ನೇರ ನಿಯಮ ಬೇಕು: ಸಾಲ ಕೊಡುವಂತಿಲ್ಲ, ಯುಪಿಐ ಪಿನ್ ಯಾರಿಗೂ ಹೇಳುವಂತಿಲ್ಲ, ‘ತಮಾಷೆಗೆ ಮಾಡು’ ಎಂದು ಯಾರಾದರೂ ಹೇಳಿದರೆ ಮಾಡುವ ಮೊದಲು ಮನೆಗೆ ಮೆಸೇಜ್.

ಪರೀಕ್ಷೆ, ಮುಂದಿನ ಪ್ರವೇಶ

ಕೇಂದ್ರ ಸರ್ಕಾರದ ಮಾರ್ಗಸೂಚಿಯ ಪ್ರಕಾರ ವಿಕಲಚೇತನರಿಗೆ ಕೊಡುವ ಹೆಚ್ಚುವರಿ ಸಮಯ ಗಂಟೆಗೆ 20 ನಿಮಿಷಕ್ಕಿಂತ ಕಡಿಮೆ ಇರಬಾರದು. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಆದರೆ ಸಮಯ ಸಿಕ್ಕಿದರೆ ಸಾಲದು, ಬಳಸಲೂ ಕಲಿಯಬೇಕು. ಒಂದೇ ಪ್ರಶ್ನೆಗೆ ನಾಲ್ಕು ಪುಟ ಬರೆದು ಉಳಿದದ್ದನ್ನು ಬಿಡುವ ಮಕ್ಕಳಿಗೆ ಇನ್ನೊಂದು ಗಂಟೆ ಕೊಟ್ಟರೆ ಆರು ಪುಟ ಬರೆಯುತ್ತಾರೆ, ಅಷ್ಟೆ. ಎರಡು ಅಂಕಕ್ಕೆ ನಾಲ್ಕು ಸಾಲು, ಐದು ಅಂಕಕ್ಕೆ ಒಂದು ಪುಟ ಎಂದು ಅಳತೆ ಹಾಕಿಕೊಟ್ಟು ಮೊದಲ ಕಿರುಪರೀಕ್ಷೆಯಿಂದಲೇ ಅಭ್ಯಾಸ ಮಾಡಿಸಿ.

ಸಿಇಟಿ ಬರೆಯುವವರು ಅರ್ಜಿಯಲ್ಲೇ ವಿಕಲಚೇತನ ವರ್ಗ ನಮೂದಿಸಬೇಕು, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ವೈದ್ಯಕೀಯ ಪರಿಶೀಲನೆಗೂ ಹಾಜರಾಗಬೇಕು. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5 ಸೀಟು ಮೀಸಲು, ಗರಿಷ್ಠ ವಯೋಮಿತಿಯಲ್ಲಿ 5 ವರ್ಷ ಸಡಿಲಿಕೆ ಕಾಯ್ದೆಯಲ್ಲೇ ಇದೆ. ಡಿಗ್ರಿಗೆ ಸೇರುವ ವರ್ಷವೇ ಹಾಸ್ಟೆಲ್ ಸಾಧ್ಯವಾದಷ್ಟು ಬೇಡ; ಕಾಲೇಜು ಮತ್ತು ಮನೆ ಎರಡೂ ಒಟ್ಟಿಗೆ ಬದಲಾದರೆ ಎಲ್ಲಿ ತೊಡಕಾಯಿತೆಂದು ಗುರುತಿಸಲೂ ಆಗದು. ರ‍್ಯಾಗಿಂಗ್ ನಡೆದರೆ ಯುಜಿಸಿ ಸಹಾಯವಾಣಿ 1800-180-5522.

ವರ್ಷದ ನಡುವೆ ಕೈಮೀರಿದರೆ ಬಿಡಿಸುವ ಮುನ್ನ ಒಂದು ದಿನಾಂಕ ಗೊತ್ತುಮಾಡಿ, ಅಲ್ಲಿಯವರೆಗೆ ಒಂದೊಂದೇ ಬದಲಾವಣೆ ಮಾಡಿ ನೋಡಿ: ಸೆಕ್ಷನ್, ಕಾಂಬಿನೇಷನ್, ಪ್ರಯಾಣದ ಹೊತ್ತು. ಆಗಲೂ ಸರಿಹೋಗದಿದ್ದರೆ ಪಿಯು ಮಟ್ಟಕ್ಕೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಇದೆ, ವಿಷಯಗಳನ್ನು ಬಿಡಿಬಿಡಿಯಾಗಿ ಬರೆಯಬಹುದು. ಪದವಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವೂ ಇಗ್ನೋ ಕೂಡ ಇವೆ. ಕಾಲೇಜು ಬಿಡುವಾಗ ವರ್ಗಾವಣೆ ಪತ್ರ, ಮೂಲ ಅಂಕಪಟ್ಟಿ, ಅರ್ಜಿಗಳ ಸ್ವೀಕೃತಿ ಪ್ರತಿಗಳನ್ನು ಅದೇ ದಿನ ಕೇಳಿ ಪಡೆದುಕೊಳ್ಳಿ.