ಬ್ಯಾಟರಿಯ ಮೇಲಿನ ಅಂಕಿಗಳನ್ನು ನಾನು ಓದಲು ಕಲಿತದ್ದು

ನನ್ನ ಡೀಸೆಲ್ ಕಾರಿನ ಬ್ಯಾಟರಿಯನ್ನು ನಾನೇ ಎರಡು ಬಾರಿ ಬದಲಾಯಿಸಿದ್ದೇನೆ. ಮೊದಲ ಬಾರಿ ಎಡವಿದೆ, ಅದೂ ಒಂದೇ ಒಂದು ಅಕ್ಷರದಲ್ಲಿ. ಹಳೆಯ ಬ್ಯಾಟರಿಯ ಮೇಲೆ 12 ವೋಲ್ಟ್, 74 ಎಎಚ್ (ಆಂಪಿಯರ್-ಅವರ್, ಅಂದರೆ ಬ್ಯಾಟರಿ ಹಿಡಿಯುವ ವಿದ್ಯುತ್ತಿನ ಅಳತೆ), 680 ಸಿಸಿಎ ಎಂದಿತ್ತು. ಹೊಸದರ ಮೇಲೂ 74 ಮತ್ತು 680 ಎಂಬ ಅಂಕಿಗಳೇ ಕಂಡದ್ದರಿಂದ ಎರಡೂ ಸರಿಸಮವೆಂದು ನಂಬಿ ಕೂರಿಸಿದೆ. ಎರಡನೆಯ ಚಳಿಗಾಲದ ಬೆಳಗುಗಳಲ್ಲಿ ಸ್ಟಾರ್ಟರ್ ಮೋಟಾರು ಎಳೆದೆಳೆದು ತಿರುಗತೊಡಗಿದಾಗ ಲೇಬಲನ್ನು ಮತ್ತೆ ಓದಿದೆ. ಅಲ್ಲಿದ್ದದ್ದು ಸಿಸಿಎ ಅಲ್ಲ, ಸಿಎ.

ಸಿಸಿಎ ಎಂದರೆ ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್. ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗಿರುವ ಬ್ಯಾಟರಿ ನಿಗದಿತ ಹೊತ್ತು ಎಷ್ಟು ಆಂಪಿಯರ್ ಕೊಡಬಲ್ಲದು ಎಂಬುದನ್ನು ಅದು ಹೇಳುತ್ತದೆ. ಸಿಎ, ಅಂದರೆ ಬರಿಯ ಕ್ರ್ಯಾಂಕಿಂಗ್ ಆಂಪ್ಸ್, ಅಳೆಯುವುದು ಸೊನ್ನೆ ಡಿಗ್ರಿಯಲ್ಲಿ. ಆ ಉಷ್ಣಾಂಶದಲ್ಲಿ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ಹೆಚ್ಚು ಚುರುಕಾಗಿರುವುದರಿಂದ ಅದೇ ಬ್ಯಾಟರಿಗೆ ದೊಡ್ಡ ಅಂಕಿ ಸಿಗುತ್ತದೆ. ಸಿಎ ಅಂಕಿಯನ್ನು 0.8ರಿಂದ ಗುಣಿಸಿದರೆ ಸಿಸಿಎ ಅಂದಾಜಾಗಿ ತಿಳಿಯುತ್ತದೆ. ಹಾಗೆ ನೋಡಿದರೆ ನಾನು ತಂದದ್ದು ಸುಮಾರು 540 ಸಿಸಿಎ ಬ್ಯಾಟರಿ. ಡೀಸೆಲ್ ಎಂಜಿನ್ ಗಾಳಿಯನ್ನು ಒತ್ತಿ ಕಾಯಿಸಿಯೇ ಇಂಧನವನ್ನು ಹೊತ್ತಿಸುವುದರಿಂದ ಅದನ್ನು ತಿರುಗಿಸಲು ಬಲ ಹೆಚ್ಚು ಬೇಕು, ಚಳಿಯಲ್ಲಿ ಮಂದವಾದ ಎಣ್ಣೆ ಆ ಹೊರೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಹೊಸದಾಗಿದ್ದಾಗ ಹೇಗೋ ನಡೆದ ಬ್ಯಾಟರಿ, ಸ್ವಲ್ಪ ಹಳತಾದೊಡನೆ ಸೋತಿತು.

ಎರಡನೆಯ ಬಾರಿ ಕೊಳ್ಳುವ ಮೊದಲು ಲೇಬಲಿನ ಪ್ರತಿಯೊಂದು ಅಂಕಿಯ ಹಿಂದಿರುವ ಪರೀಕ್ಷೆ ಯಾವುದೆಂದು ತಿಳಿದುಕೊಳ್ಳಲು ಕುಳಿತೆ. ಆಗ ಗೊತ್ತಾದದ್ದು, ಸಿಸಿಎ ಎಂಬ ಒಂದೇ ಹೆಸರಿನಡಿಯಲ್ಲೂ ಹಲವು ಅಳತೆಗಳಿವೆ ಎಂಬುದು. ಅಮೆರಿಕದ ಎಸ್‌ಎಇ ಪದ್ಧತಿಯಲ್ಲಿ 30 ಸೆಕೆಂಡ್ ಕಳೆದರೂ ವೋಲ್ಟೇಜ್ 7.2ಕ್ಕಿಂತ ಕೆಳಗಿಳಿಯಬಾರದು, ಯುರೋಪಿನ ಇಎನ್ ಪದ್ಧತಿಯಲ್ಲಿ 10 ಸೆಕೆಂಡಿನ ಹೊತ್ತಿಗೆ 7.5 ವೋಲ್ಟ್ ಉಳಿದಿರಬೇಕು. ಜರ್ಮನಿಯ ಹಳೆಯ ಡಿಐಎನ್ ಪದ್ಧತಿ 30 ಸೆಕೆಂಡಿನ ನಂತರವೂ 9 ವೋಲ್ಟ್ ಕೇಳುತ್ತಿತ್ತು. ಡಿಐಎನ್ ಪರೀಕ್ಷೆ ಇಷ್ಟು ಬಿಗಿಯಾಗಿರುವುದರಿಂದ ಒಂದೇ ಬ್ಯಾಟರಿಗೆ ಅದರಲ್ಲಿ ಸಿಗುವ ಅಂಕಿ ಉಳಿದೆರಡಕ್ಕಿಂತ ತೀರ ಚಿಕ್ಕದು. ಆದ್ದರಿಂದ ಅಂಕಿಯ ಪಕ್ಕದಲ್ಲಿ ಪದ್ಧತಿಯ ಹೆಸರಿಲ್ಲದ ಬ್ಯಾಟರಿಗಳನ್ನು ನಾನು ಹೋಲಿಕೆಗೇ ತೆಗೆದುಕೊಳ್ಳಲಿಲ್ಲ. ಕೆಲವು ಬ್ಯಾಟರಿಗಳ ಮೇಲಿರುವ ಒಂಬತ್ತು ಅಂಕಿಯ ಸಂಕೇತ ಈ ವಿಷಯದಲ್ಲಿ ನೆರವಾಯಿತು. 574 012 068 ಎಂದಿದ್ದರೆ ಮೊದಲ 5 ಎಂಬುದು 12 ವೋಲ್ಟಿನ ಗುರುತು, 74 ಆಂಪಿಯರ್-ಅವರ್, ಕೊನೆಯ 068ನ್ನು ಹತ್ತರಿಂದ ಗುಣಿಸಿದರೆ ಇಎನ್ ಪ್ರಕಾರ 680 ಆಂಪಿಯರ್.

ಎಎಚ್ ಬಗ್ಗೆಯೂ ನನ್ನ ತಿಳಿವಳಿಕೆ ಅರೆಬರೆಯಾಗಿತ್ತು. 74 ಎಎಚ್ ಎಂದರೆ 3.7 ಆಂಪಿಯರಿನಂತೆ 20 ಗಂಟೆ ಎಂದರ್ಥ. 74 ಆಂಪಿಯರಿನಂತೆ ಒಂದು ಗಂಟೆ ಎಂದಲ್ಲ. ವೇಗವಾಗಿ ಬರಿದು ಮಾಡಿದರೆ ಆಮ್ಲವು ಫಲಕಗಳ ಒಳಗಿನವರೆಗೆ ಇಳಿಯುವಷ್ಟು ಸಮಯವಿರದು, ಹೀಗಾಗಿ ದಕ್ಕುವ ವಿದ್ಯುತ್ತು ಕಡಿಮೆಯಾಗುತ್ತದೆ. ರಿಸರ್ವ್ ಕೆಪಾಸಿಟಿ ಎಂಬ ಮತ್ತೊಂದು ಅಳತೆಯನ್ನು ಪಕ್ಕದಲ್ಲಿಟ್ಟರೆ ಇದು ಸ್ಪಷ್ಟವಾಗುತ್ತದೆ. 25 ಆಂಪಿಯರ್ ಎಳೆಯುತ್ತ ಹೋದರೆ 10.5 ವೋಲ್ಟಿಗೆ ಇಳಿಯಲು ಎಷ್ಟು ನಿಮಿಷ ಬೇಕೆಂಬುದು ಆ ಅಳತೆ. 130 ನಿಮಿಷ ಎಂದರೆ ಲೆಕ್ಕಕ್ಕೆ 54 ಆಂಪಿಯರ್-ಅವರ್ ಮಾತ್ರ. ಎಂಜಿನ್ ಓಡುವಾಗ ಬ್ಯಾಟರಿಯನ್ನು ತುಂಬಿಸುವ ಆಲ್ಟರ್ನೇಟರ್ ದಾರಿಯಲ್ಲಿ ಕೈಕೊಟ್ಟರೆ ದೀಪ, ವೈಪರ್, ಎಂಜಿನ್ ಕಂಪ್ಯೂಟರ್ ಎಲ್ಲವನ್ನೂ ಎಷ್ಟು ಹೊತ್ತು ನಡೆಸಬಹುದು ಎಂಬುದನ್ನು ಈ ನಿಮಿಷಗಳೇ ಹೇಳುವುದರಿಂದ, ರಾತ್ರಿ ದೂರ ಓಡಿಸುವವರು ಇದನ್ನು ಖಂಡಿತ ನೋಡಬೇಕೆಂದು ನನ್ನ ಅಭಿಪ್ರಾಯ.

ಎಎಚ್ ಒಂದೇ ಇದ್ದರೂ ಸಿಸಿಎ ಬೇರೆಯಾಗುವುದು ಮುಖ್ಯವಾಗಿ ಫಲಕಗಳಿಂದ. ತೆಳುವಾದ ಫಲಕಗಳನ್ನು ಹೆಚ್ಚು ಸಂಖ್ಯೆಯಲ್ಲಿ ಜೋಡಿಸಿದರೆ ಆಮ್ಲಕ್ಕೆ ತಾಗುವ ಮೇಲ್ಮೈ ಹಿಗ್ಗಿ ಕ್ಷಣದಲ್ಲಿ ಭಾರಿ ಪ್ರವಾಹ ಬರುತ್ತದೆ. ದಪ್ಪ ಫಲಕಗಳು ನಿಧಾನವಾಗಿ, ಆಳವಾಗಿ ಬರಿದಾಗುವ ಕೆಲಸಕ್ಕೆ ತಾಳುತ್ತವೆ.

ಹಣ ಕೊಡುವ ಮೊದಲು, ದೋಷ ಬ್ಯಾಟರಿಯದೇ ಎಂದು ಖಚಿತಪಡಿಸಿಕೊಂಡೆ. ಚಾರ್ಜರಿನಿಂದ ಪೂರ್ತಿ ತುಂಬಿಸಿ ರಾತ್ರಿಯಿಡೀ ಬಿಟ್ಟಾಗ ವೋಲ್ಟೇಜ್ 12.6 ತೋರಿಸಿತು, ಆದರೆ ಸ್ಟಾರ್ಟ್ ಮಾಡುವಾಗ 8.7ಕ್ಕೆ ಕುಸಿಯಿತು. ಎಂಜಿನ್ ಓಡುವಾಗ 14.2 ವೋಲ್ಟ್ ಇದ್ದುದರಿಂದ ಆಲ್ಟರ್ನೇಟರ್ ಸರಿಯಾಗಿತ್ತು. ನಿಂತ ಕಾರಿನಲ್ಲಿ ಸೋರುತ್ತಿದ್ದ ಪ್ರವಾಹ 30 ಮಿಲಿಆಂಪಿಯರ್, ಅದೂ ಚಿಂತಿಸುವಂಥದ್ದಲ್ಲ.

ಹೊಸ ಬ್ಯಾಟರಿಯನ್ನು ಇಎನ್ 680 ಎಂದು ಸ್ಪಷ್ಟವಾಗಿ ನಮೂದಿಸಿದ್ದನ್ನೇ ಆರಿಸಿದೆ. ಬ್ಯಾಟರಿ ಕೂರುವ ತಟ್ಟೆಯ ಉದ್ದಗಲ, ಪಾಸಿಟಿವ್ ಟರ್ಮಿನಲ್ ಇರುವ ಬದಿ, ತಯಾರಾದ ತಿಂಗಳು, ಇವಿಷ್ಟನ್ನೂ ನೋಡಿದೆ. ನನ್ನ ಕಾರಿನಲ್ಲಿ ಸ್ಟಾರ್ಟ್-ಸ್ಟಾಪ್ ವ್ಯವಸ್ಥೆ (ಕಾರು ನಿಂತಾಗ ಎಂಜಿನ್ನನ್ನು ತಾನೇ ಆರಿಸಿ ಮತ್ತೆ ಹೊರಡಿಸುವುದು) ಇಲ್ಲದಿರುವುದರಿಂದ ಸಾಮಾನ್ಯ ಬ್ಯಾಟರಿ ಸಾಕಾಯಿತು. ಆ ವ್ಯವಸ್ಥೆ ಇದ್ದವರು, ಅದಕ್ಕೆಂದೇ ಗಟ್ಟಿಯಾಗಿ ಮಾಡಿದ, ಮೊದಲಿದ್ದ ಇಎಫ್‌ಬಿ ಅಥವಾ ಎಜಿಎಂ ಮಾದರಿಯನ್ನು ಬಿಟ್ಟು ಕೆಳದರ್ಜೆಗೆ ಇಳಿಯಬಾರದು. ನೆಗೆಟಿವ್ ಕೇಬಲನ್ನು ಮೊದಲು ಬಿಚ್ಚಿ, ಕೊನೆಗೆ ಜೋಡಿಸಿ, ಹಿಡಿಕೆ ಪಟ್ಟಿಯನ್ನು ಬಿಗಿದೆ. ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಮೀಟರ್ ಇಳಿದ ಕನಿಷ್ಠ ಮಟ್ಟ 10.4 ವೋಲ್ಟ್. ಆ ಅಂಕಿಯನ್ನೂ ದಿನಾಂಕವನ್ನೂ ಚೀಟಿಯಲ್ಲಿ ಬರೆದು ಬ್ಯಾಟರಿಯ ಬದಿಗೆ ಅಂಟಿಸಿದ್ದೇನೆ. ಮೂರು ತಿಂಗಳಿಗೊಮ್ಮೆ ಮತ್ತೆ ಅಳೆದು ಅದರ ಕೆಳಗೆ ಬರೆಯುತ್ತೇನೆ.